ಮಿಸೊ ಸಾರಿಗೆ ಪರಿಷೇಚನೆ

ಜಯನಗರ, ಹೊರಡುವ ಮುಂಚೆ

ಜಪಾನಿಗೆ ಹೋಗಿಬಂದವರೆಲ್ಲ ಅಲ್ಲಿನ ಗುಡಿಗಳ ವಿಷಯ ಹೇಳುತ್ತಾರೆ, ರೈಲಿನ ವಿಷಯ ಹೇಳುತ್ತಾರೆ, ಚೆರಿ ಹೂವಿನ ವಿಷಯ ಹೇಳುತ್ತಾರೆ. ನಾನು ಹೋಗುವ ಹೊತ್ತಿಗೆ ಹೂವು ಉದುರಿಹೋಗಿತ್ತು, ಗುಡಿ ನೋಡಲು ರಜೆ ಸಿಗಲಿಲ್ಲ, ರೈಲಿನಲ್ಲಿ ನಿದ್ದೆ ಹೊಡೆದುಬಿಟ್ಟೆ. ಹಾಗಾಗಿ ಊಟದ ವಿಷಯವನ್ನೇ ಹೇಳುತ್ತೇನೆ. ಅದರಲ್ಲೂ ಊಟದ ಪದಾರ್ಥಗಳ ಹೆಸರನ್ನು ಸರಿಯಾಗಿ ಹೇಳುವ ವಿಷಯ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಅದರಿಂದ ನನ್ನಷ್ಟು ಕೆಟ್ಟವರೂ ಇಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಚಾರ್ಜ್‌ಮನ್. ಮನೆ ಜಯನಗರದಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನನಗಿನ್ನೂ ಮದುವೆಯಾಗಿರಲಿಲ್ಲ, ತಂದೆ ತೀರಿಕೊಂಡಿದ್ದರು, ಮನೆಯಲ್ಲಿ ಅಮ್ಮ ಮತ್ತು ನಾನು. ಒಂದು ದಿನ ಕಾರ್ಖಾನೆಯವರು ನನ್ನನ್ನೂ ಫಿಟ್ಟರ್ ನಂಜಪ್ಪನನ್ನೂ ಕರೆದು, ನಾಲ್ಕು ತಿಂಗಳ ತರಬೇತಿಗೆ ಜಪಾನಿಗೆ ಹೋಗಬೇಕು ಎಂದರು.

ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ದೇವರ ಮುಂದೆ ಕೂರಿಸಿದಳು.

"ನೋಡು ನಾಣಿ, ಹೋಗೋದಾದ್ರೆ ಹೋಗು. ನಿಮ್ಮ ದೊಡ್ಡಪ್ಪನ ಮನೆಯವರೆಲ್ಲ ಆಗ್ಲೇ ಆಡ್ಕೊಳ್ತಿದಾರೆ, ಮೀನು ತಿನ್ಕೊಂಡ್ ಬರ್ತಾನೆ ಅಂತ. ನನ್ನ ಮಗ ಹಾಗೆ ಮಾಡಲ್ಲ ಅಂತ ನಾನು ಹೇಳಿದೀನಿ. ನನ್ನ ಮಾತು ಉಳಿಸು. ಬಂದ್ಮೇಲೆ ಇದೇ ಜಾಗದಲ್ಲಿ, ಅವರೆಲ್ಲರ ಮುಂದೇನೇ ಕೇಳ್ತೀನಿ."

ನಾನು ಮಾತು ಕೊಟ್ಟೆ. ಧೈರ್ಯವಾಗಿಯೇ ಕೊಟ್ಟೆ, ಏಕೆಂದರೆ ನನ್ನ ಹತ್ತಿರ ಒಂದು ಅಸ್ತ್ರವಿತ್ತು. ನಮ್ಮ ತಂದೆ ವೇದಪಾಠ ಹೇಳುತ್ತಿದ್ದವರು. ಸ್ವರ ಒಂದು ಕೂದಲೆಳೆಯಷ್ಟು ತಪ್ಪಿದರೂ ತಲೆಯ ಮೇಲೆ ಮೊಟಕುತ್ತಿದ್ದರು. ಮಂತ್ರವನ್ನು ಸರಿಯಾಗಿ ಹೇಳಿದರೆ ಫಲ ತಾನಾಗಿ ಬರುತ್ತದೆ, ಅರ್ಥ ಗೊತ್ತಿರಲಿ ಬಿಡಲಿ ಎಂಬುದು ನಮ್ಮ ಮನೆಯ ನಂಬಿಕೆ. ನನಗೆ ಅರ್ಥ ಇವತ್ತಿಗೂ ಗೊತ್ತಿಲ್ಲ. ಉಚ್ಚಾರಣೆ ಮಾತ್ರ ಪಕ್ಕಾ. ಜಪಾನಿನಲ್ಲೂ ಇದೇ ಸೂತ್ರ ನಡೆಯುತ್ತದೆ, ಬೇಕಾದ ಪದಾರ್ಥದ ಹೆಸರನ್ನು ಅಕ್ಷರ ತಪ್ಪದೆ ಹೇಳಿದರೆ ಬೇಕಾದದ್ದೇ ಎಲೆಗೆ ಬೀಳುತ್ತದೆ ಎಂದು ನಾನು ತೀರ್ಮಾನಿಸಿದ್ದೆ.

ಜಪಾನಿನವರು ಮೊದಲೇ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಕಳಿಸಿದ್ದರು, ಊಟದ ಮನೆಯಲ್ಲಿ ಬೇಕಾಗುವ ಪದಗಳದ್ದು. ಅದನ್ನು ಹಿಡಿದುಕೊಂಡು ಹಿಂದಿನ ರಸ್ತೆಯ ಶ್ರೀಪತಿರಾಯರ ಹತ್ತಿರ ಹೋದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಮದರಾಸಿನಿಂದ ಆಚೆ ಕಾಲಿಟ್ಟವರಲ್ಲ. ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಇಂಗ್ಲಿಷೇ ಎಂದು ಅವರ ವಾದ. ಪದದಲ್ಲಿ ಒಂದು ಅಕ್ಷರದ ಮೇಲೆ ಭಾರ ಹಾಕಿ ಕೂತುಬಿಡಬೇಕು, ಉಳಿದ ಅಕ್ಷರಗಳನ್ನು ನುಂಗಿಬಿಡಬೇಕು ಎಂದು ಕಲಿಸಿದರು. ತೋಫು ಎಂಬ ಸೋಯಾ ಹಾಲಿನ ಗಿಣ್ಣನ್ನು 'ಟೌಫೂ' ಎಂದು ಮೂತಿ ಮುಂದೆ ಮಾಡಿ ಹೇಳಿಸಿದರು. ಉದೊನ್ ಎಂಬ ಶ್ಯಾವಿಗೆ ಅವರ ಬಾಯಲ್ಲಿ 'ಯೂಡನ್' ಆಯಿತು. ನಾನು ಸಂಧ್ಯಾವಂದನೆಯ ಜೊತೆಗೆ ಇದನ್ನೂ ದಿನಕ್ಕೆ ಎರಡು ಹೊತ್ತು ಪಠಿಸಿದೆ.

ವಿಮಾನದಲ್ಲಿ

ನಂಜಪ್ಪ ಸುದ್ದಗುಂಟೆಪಾಳ್ಯದವನು. ಬೆಳಿಗ್ಗೆ ರಾಗಿ ಹೊಲಕ್ಕೆ ಒಂದು ಸುತ್ತು ಹಾಕಿ ಆಮೇಲೆ ಕಾರ್ಖಾನೆಗೆ ಬರುತ್ತಿದ್ದ. ಒಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಕೆಲಸ ಮಾಡಿದ್ದೆವು. ಅವನು ನನ್ನನ್ನು 'ಸಾರ್' ಎನ್ನುತ್ತಿದ್ದ, ನಾನು ಅವನನ್ನು 'ನೀನು' ಎನ್ನುತ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ದಿನವೂ ಅವನು ನಮ್ಮ ಮನೆಯ ಗೇಟು ದಾಟಿ ಬಂದಿರಲಿಲ್ಲ. ನಾನೂ ಕರೆದಿರಲಿಲ್ಲ.

ನಂಜಪ್ಪ ಕುರಿ ಕೋಳಿ ಎಲ್ಲ ತಿನ್ನುವವನು. ಸೋಮವಾರ ಮಾತ್ರ ಮನೆದೇವರ ವಾರ. ಅಂದು ತಲೆಗೆ ನೀರು ಹಾಕಿಕೊಂಡು, ಮಾಂಸದ ಪಾತ್ರೆಯನ್ನೂ ಮುಟ್ಟುವುದಿಲ್ಲ. ನಾವು ವಿಮಾನ ಹತ್ತಿದ್ದು ಸೋಮವಾರವೇ. ಗಗನಸಖಿ ಮುಚ್ಚಿದ ತಟ್ಟೆಗಳನ್ನು ತಂದಾಗ ನಾನು ಬೆನ್ನು ನೆಟ್ಟಗೆ ಮಾಡಿ, ಶ್ರೀಪತಿರಾಯರ ಇಂಗ್ಲಿಷಿನಲ್ಲಿ, ನಾನು ಸಸ್ಯಾಹಾರಿ ಎಂದು ಅರ್ಧ ಪುಟದಷ್ಟು ವಿವರಿಸಿದೆ. ಆಕೆ ತುಂಬ ಸಂತೋಷಪಟ್ಟು ಆಮ್ಲೆಟ್ ಕೊಟ್ಟಳು. ನಂಜಪ್ಪ ಎದ್ದುನಿಂತು, ಅವಳ ಗಾಡಿಯಲ್ಲಿದ್ದ ತಟ್ಟೆಗಳ ಮುಚ್ಚಳವನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, ಅನ್ನ ಮತ್ತು ಬೇಯಿಸಿದ ಬಟಾಣಿ ಇದ್ದದ್ದನ್ನು ತೆಗೆದುಕೊಂಡು ಕೂತ. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಹಾಗೆಲ್ಲ ಮುಚ್ಚಳ ಎತ್ತಬಾರದು ನಂಜಪ್ಪ. ಸಂಸ್ಕಾರ ಅಲ್ಲ ಅದು. ಬಾಯಲ್ಲಿ ಕೇಳ್ಬೇಕು."

"ನಂಗೆ ಬಾಯಿ ಬರಲ್ವಲ್ಲ ಸಾರ್," ಎಂದ ನಂಜಪ್ಪ, ಬಟಾಣಿ ಅಗಿಯುತ್ತ.

ನಾನು ಅಮ್ಮ ಕೊಟ್ಟಿದ್ದ ಅವಲಕ್ಕಿ ತಿಂದೆ.

ಮೊದಲ ದಿನ, ಊಟದ ಮನೆ

ಅಲ್ಲಿನ ಕಾರ್ಖಾನೆಯ ಹಾಸ್ಟೆಲ್ಲಿನಲ್ಲಿ ನಮ್ಮ ವಸತಿ. ಊಟದ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಮತ್ಸುದಾ ಎಂಬ ಐವತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಮತ್ಸುದಾ-ಸಾನ್ ಎನ್ನುತ್ತಿದ್ದರು, ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ. ನಮ್ಮ ಹೊಣೆ ಹೊತ್ತಿದ್ದವನು ಕಿಮುರಾ ಎಂಬ ಯುವ ಎಂಜಿನಿಯರು. ಅಷ್ಟು ಜನರಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ. ನಾನು ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದು ನಮ್ಮ ಕಾರ್ಖಾನೆಯಿಂದ ಮೊದಲೇ ಕಾಗದ ಹೋಗಿತ್ತು. ಮತ್ಸುದಾ-ಸಾನ್ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದರು.

ನಾನು 'ಟೌಫೂ' ಎಂದೆ. ಮತ್ಸುದಾ-ಸಾನ್ ಕಿಮುರಾನ ಮುಖ ನೋಡಿದರು. 'ಯೂಡನ್' ಎಂದೆ. ಕಿಮುರಾ ತನ್ನ ಬೂಟು ನೋಡಿಕೊಂಡ. ನನಗೆ ಸಿಟ್ಟು ಬಂತು. ಶ್ರೀಪತಿರಾಯರನ್ನು ಮನಸ್ಸಿನಲ್ಲೇ ಒಂದಷ್ಟು ಬೈದು, ಪಟ್ಟಿಯನ್ನು ಕನ್ನಡದ ಕಾಗುಣಿತದಂತೆ ಓದಿಬಿಟ್ಟೆ. ತೋಫು. ಉದೊನ್. ಮಿಸೊ ಶಿರು. ಯಾವ ಅಕ್ಷರದ ಮೇಲೂ ಕೂರಲಿಲ್ಲ, ಯಾವುದನ್ನೂ ನುಂಗಲಿಲ್ಲ. ಹ್ರಸ್ವಕ್ಕೆ ಹ್ರಸ್ವ, ದೀರ್ಘಕ್ಕೆ ದೀರ್ಘ.

ಮತ್ಸುದಾ-ಸಾನ್ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನವರು ಎದ್ದು ಬಂದು ಇನ್ನೊಮ್ಮೆ ಹೇಳಿಸಿದರು. "ನೀವು ಇಲ್ಲೇ ಹುಟ್ಟಿದವರಂತೆ ಹೇಳುತ್ತೀರಿ," ಎಂದ ಕಿಮುರಾ. ನಾನು ಅಂದು ಆಕಾಶಕ್ಕೆ ಮೂರೇ ಗೇಣು ಉಳಿಸಿದ್ದೆ.

ಬೇಯಿಸಿದ ಸೋಯಾಬೀನನ್ನು ಅರೆದು ಹುಳಿಯಿಸಿ ಮಾಡಿದ ಮಿಸೊ ಎಂಬುದನ್ನು ಕದಡಿ ಮಾಡುವ ಸಾರೇ ಮಿಸೊ ಶಿರು. ನಮ್ಮ ತಿಳಿಸಾರಿನ ದೂರದ ನೆಂಟ. ಬಟ್ಟಲು ಬಂತು. ಬಲಗೈಯಲ್ಲಿ ನೀರು ಹಿಡಿದು, ನಮ್ಮ ಮನೆಯಲ್ಲಿ ಎಲೆಯ ಸುತ್ತ ಮಾಡುವಂತೆ, ಬಟ್ಟಲಿನ ಸುತ್ತ ಮಂತ್ರಸಹಿತ ಪರಿಷೇಚನೆ ಮಾಡಿದೆ. ನಾನು ಮೇಜು ಒರೆಸುತ್ತಿದ್ದೇನೆ ಎಂದುಕೊಂಡು ಯಾರೋ ಬಟ್ಟೆ ತಂದುಕೊಟ್ಟರು. ಸಾರು ಕುಡಿದೆ. ಅಮ್ಮನ ಸಾರಿಗೆ ಒಂದು ಹೆಜ್ಜೆ ಹಿಂದೆ, ಅಷ್ಟೆ. ಎರಡನೆಯ ಬಟ್ಟಲು ಕೇಳಿದೆ, ಸ್ಪಷ್ಟ ಉಚ್ಚಾರಣೆಯಲ್ಲಿ.

ನಂಜಪ್ಪನಿಗೆ ಒಂದು ಹೆಸರೂ ನಾಲಿಗೆಗೆ ಹತ್ತಲಿಲ್ಲ. ಅವನು ಮಿಸೊವನ್ನು 'ಮೀಸೆ' ಎಂದ, ತೋಫುವನ್ನು 'ಅದು, ಬೆಳ್ಳಗೆ' ಎಂದ. ಅವನಿಗಾಗಿ ನನಗೆ ಪಾಪ ಎನ್ನಿಸಿತು.

ಮೂರನೆಯ ವಾರ, ಕಿಮುರಾನ ಮೇಜು

ನನ್ನ ಕೀರ್ತಿ ಆಫೀಸಿನವರೆಗೂ ಹೋಯಿತು. ಕಿಮುರಾ ವಿದೇಶಿ ಅತಿಥಿಗಳಿಗಾಗಿ ಇಂಗ್ಲಿಷಿನಲ್ಲಿ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದ. ಜಪಾನೀ ಊಟದ ಪದಗಳನ್ನು ಸರಿಯಾಗಿ ಉಚ್ಚರಿಸುವುದು ಹೇಗೆ ಎಂಬುದೇ ಅದರ ವಸ್ತು. ಅಮೆರಿಕದಿಂದ ಬಂದ ಗಿರಾಕಿಗಳು ಅಕ್ಕಿಯ ಮದ್ಯವನ್ನು, ಅಂದರೆ ಸಕೆಯನ್ನು, 'ಸಾಕೀ' ಎಂದು ಕೂಗಿ ಕೂಗಿ ಅವನ ಕಿವಿ ಹಣ್ಣಾಗಿತ್ತು. ನನ್ನನ್ನು ಸಹಾಯಕ್ಕೆ ಕರೆದ.

ಇಂಗ್ಲಿಷ್ ಲಿಪಿಗೆ ಈ ಕೆಲಸ ಒಗ್ಗುವುದೇ ಇಲ್ಲ ಎಂದು ಒಂದೇ ಸಂಜೆಗೆ ಗೊತ್ತಾಯಿತು. ಎಳೆಯ ಸೋಯಾಕಾಯಿಗೆ ಅಲ್ಲಿ ಎದಮಮೆ ಎನ್ನುತ್ತಾರೆ. ಉಪ್ಪು ಹಾಕಿ ಬೇಯಿಸಿ, ನಮ್ಮ ಅವರೆಕಾಯಿಯಂತೆ ಹಿಸುಕಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಸಿಪ್ಪೆಯನ್ನು ಮಾತ್ರ ನಮ್ಮ ಹಾಗೆ ರಸ್ತೆಗೆ ಎಸೆಯುವುದಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಬರೆದರೆ ಓದುವವನು 'ಈಡಮೇಮ್' ಎನ್ನುತ್ತಾನೆ. ನಡುನಡುವೆ ಗೆರೆ ಹಾಕಿ, ಕೊನೆಗೆ 'ಹೆಚ್' ಸೇರಿಸಿ, ಒಂದು ಸಾಲಿನ ತುಂಬ ಒದ್ದಾಡಿದೆವು. ಬೇಸತ್ತು ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ: ಎದಮಮೆ. ನಾಲ್ಕು ಅಕ್ಷರ. ಕಿಮುರಾ ಅದರ ಕೆಳಗೆ ತನ್ನ ಲಿಪಿಯಲ್ಲಿ ಬರೆದ. ಅದೂ ನಾಲ್ಕೇ ಅಕ್ಷರ. ಇಬ್ಬರೂ ಸಣ್ಣ ಹುಡುಗರ ಹಾಗೆ ನಕ್ಕೆವು. ಆ ಕ್ಷಣ ಆತ ನನ್ನ ಸ್ವಂತ ತಮ್ಮನೇ ಅನ್ನಿಸಿತು.

ಪುಸ್ತಕದಲ್ಲಿ ಮೂರು ಕಲಂ ಆಯಿತು: ಇಂಗ್ಲಿಷ್ ಸ್ಪೆಲ್ಲಿಂಗು, ಗೆರೆ ಹಾಕಿದ ಉಚ್ಚಾರಣೆ, ಮುಂದೆ ಬೆಂಗಳೂರಿನಿಂದ ಬರುವವರಿಗೆಂದು ಕನ್ನಡ. ಯಾವ ಪದಾರ್ಥದಲ್ಲಿ ಏನಿದೆ ಎಂದು ಬರೆಯಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಆತನಿಗೆ ಅದು ಹುಟ್ಟಿನಿಂದ ಗೊತ್ತು. ನನಗೆ ಹೆಸರು ಗೊತ್ತಿತ್ತಲ್ಲ, ಸಾಕಾಗಿತ್ತು.

ಅಡುಗೆಮನೆಯ ಕೀಸುಳಿ

ಮತ್ಸುದಾ-ಸಾನ್ ಬಳಿ ಒಂದು ಸೊಗಸಾದ ಸಲಕರಣೆಯಿತ್ತು. ಬಡಗಿಗಳ ಕೀಸುಳಿಯನ್ನು ಬುಡಮೇಲು ಮಾಡಿ ಮರದ ಪೆಟ್ಟಿಗೆಯ ಮೇಲೆ ಕೂರಿಸಿದಂತೆ. ಪ್ರತಿದಿನ ಬೆಳಿಗ್ಗೆ ಆಕೆ ಒಂದು ಕರಿಗೆಂಪು ಮರದ ತುಂಡನ್ನು ಅದರ ಮೇಲೆ ಸರ್ ಸರ್ ಎಂದು ಉಜ್ಜುತ್ತಿದ್ದರು. ತೆಳ್ಳನೆಯ ಸುರುಳಿಗಳು ಕೆಳಗಿನ ಡ್ರಾಯರಿಗೆ ಬೀಳುತ್ತಿದ್ದವು. ಒಲೆ ಹೊತ್ತಿಸಲು ಮರ ಕೀಸುತ್ತಿದ್ದಾರೆ ಎಂದುಕೊಂಡೆ. ಹೊಗೆಯ ವಾಸನೆ ಬೇರೆ ಇತ್ತು. ತುಂಡನ್ನು ಕೈಗೆತ್ತಿಕೊಂಡು ಉಗುರಿನಿಂದ ತಟ್ಟಿ ನೋಡಿದೆ, ಒಳ್ಳೆಯ ಬೀಟೆ ಮರದ ಹಾಗೆ ಟಣ್ ಎಂದಿತು. ಇಷ್ಟು ಗಟ್ಟಿ ಮರವನ್ನು ಒಲೆಗೆ ಹಾಕುವ ದೇಶ ಎಂದು ಮರುಗಿದೆ.

ಅದರ ಅಲಗು ಮೊಂಡಾಗಿತ್ತು. ಮೊಂಡು ಅಲಗು ಕಂಡರೆ ಟೂಲ್ ರೂಮಿನವನ ಕೈ ಸುಮ್ಮನಿರುವುದಿಲ್ಲ. ಬಿಚ್ಚಿಕೊಂಡು ಹೋಗಿ, ಸಾಣೆ ಹಿಡಿದು, ಗಡ್ಡ ಕೆರೆಯುವಷ್ಟು ಹರಿತ ಮಾಡಿ ಕೂರಿಸಿಕೊಟ್ಟೆ. ಮತ್ಸುದಾ-ಸಾನ್ ನಡು ಬಗ್ಗಿಸಿ ನಮಸ್ಕರಿಸಿದರು. ಆಮೇಲಿನಿಂದ ಸುರುಳಿಗಳು ಕಾಗದಕ್ಕಿಂತ ತೆಳ್ಳಗೆ ಬಂದವು. ಸಾರಿನ ರುಚಿಯೂ ಒಂದು ಕೈ ಮೇಲಾಯಿತು. ಎರಡಕ್ಕೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ನನಗಿರಲಿಲ್ಲ.

ಒಂದು ಸೋಮವಾರ

ಮೂರನೆಯ ತಿಂಗಳಿನಲ್ಲಿ, ಒಂದು ಸೋಮವಾರ, ಮೆಷೀನು ಕೆಟ್ಟು ಊಟಕ್ಕೆ ಬೇಗ ಬಂದೆ. ಅಡುಗೆಮನೆಯಲ್ಲಿ ನಂಜಪ್ಪ ಒಲೆಯ ಪಕ್ಕ ನಿಂತಿದ್ದ. ದೊಡ್ಡ ಪಾತ್ರೆಯ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆ ಕುದಿಯುತ್ತಿತ್ತು. ಅದರ ಹಿಡಿಗೆ ಒಂದು ಚೀಟಿ ಕಟ್ಟಿತ್ತು. ಚೀಟಿಯ ಮೇಲೆ ಮೀನಿನ ಚಿತ್ರ, ಮೀನಿನ ಮೇಲೆ ಅಡ್ಡಗೀಟು.

"ಏನಿದು ನಂಜಪ್ಪ?"

"ಇವತ್ ವಾರ ಅಲ್ವಾ ಸಾರ್. ಇದು ನನ್ ಸಾರು. ಅಣಬೆ, ಆಮ್ಯಾಕೆ ಸಮುದ್ರದ ಸೊಪ್ಪು ಹಾಕಿ ಬೇರೆ ಮಾಡ್ಕೊಡ್ತಾರೆ."

"ಬೇರೆ ಯಾಕೆ? ಮಿಸೊ ಶಿರು ಸೋಯಾದ್ದು. ಅದರಲ್ಲೇನಿದೆ?"

ನಂಜಪ್ಪ ನನ್ನ ಮುಖವನ್ನೇ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ಪರೀಕ್ಷಿಸಿದಂತಿತ್ತು. "ಅದ್ರಾಗೆ ಮೀನೈತಲ್ಲ ಸಾರ್."

"ಎಲ್ಲಿ? ಒಂದು ಚೂರೂ ಕಂಡಿಲ್ಲ ನಾನು."

ಅವನು ಕೀಸುಳಿಯ ಪೆಟ್ಟಿಗೆಯ ಮೇಲಿದ್ದ ಮರದ ತುಂಡನ್ನು ಎತ್ತಿ, ಮೇಜಿಗೆ ಟಣ್ ಟಣ್ ಎಂದು ಕುಟ್ಟಿದ. "ಇದೇ ಮೀನು. ಬೇಯಿಸಿ, ಹೊಗೆ ಹಾಕಿ, ತಿಂಗಳುಗಟ್ಲೆ ಒಣಗಿಸ್ತಾರಂತೆ. ಇದ್ನ ಕೀಸಿ ನೀರ್ಗಾಕಿ ಕುದಿಸಿ, ಸೋಸ್ಬುಟ್ಟು, ಆ ನೀರಾಗೆ ಸಾರು ಮಾಡ್ತಾರೆ. ಶ್ಯಾವಿಗೆಗೂ ಅದೇ ನೀರು, ಪಲ್ಯಕ್ಕೂ ಅದೇ ನೀರು."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ತಿಂಗಳಿಗೂ ಮೇಲಾಗಿತ್ತು, ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಎರಡು ಬಟ್ಟಲು. ಆ ಕೀಸುಳಿಯ ಅಲಗನ್ನು ಹರಿತ ಮಾಡಿಕೊಟ್ಟವನೂ ನಾನೇ. ಮೀನಿನ ಸಾರಿಗೆ ಮಂತ್ರ ಹೇಳಿ ಪರಿಷೇಚನೆ ಮಾಡಿದವನು ನಮ್ಮ ವಂಶದಲ್ಲಿ ನಾನೇ ಮೊದಲಿಗ.

"ನಿನಗೆ ಹೇಗೆ ಗೊತ್ತಾಯ್ತು?"

"ಮೊದಲ್ನೇ ಸೋಮವಾರ ಮುಚ್ಚಳ ಎತ್ತಿ ನೋಡ್ದೆ ಸಾರ್. ಒಳಗೆ ಈ ಸುರುಳಿ ತೇಲ್ತಿತ್ತು. ಏನಮ್ಮಾ ಇದು ಅಂತ ಕನ್ನಡದಾಗೇ ಕೇಳ್ದೆ. ಆವಮ್ಮ ಕೈಯಲ್ಲಿ ಈಜಿ ತೋರಿಸ್ತು. ನಾನು ಕೈ ಮುಗಿದು, ಬ್ಯಾಡ ಅಂದೆ."

"ನನಗ್ಯಾಕೋ ಹೇಳ್ಲಿಲ್ಲ ನೀನು?" ನನ್ನ ದನಿ ಅಳುವಂತಾಗಿತ್ತು.

"ನಿಮ್ಗೆ ಗೊತ್ತೈತೆ ಅಂದ್ಕಂಡೆ ಸಾರ್. ಈ ಊರೋರ ಹಂಗೆ ಹೆಸರು ಹೇಳ್ತೀರ. ಮ್ಯಾಲೆ ನೀರು ಬೇರೆ ಸುತ್ತುಸ್ತೀರ. ಮಂತ್ರದಾಗೆ ಏನೋ ದಾರಿ ಐತೆ ಅಂತ ಸುಮ್ಕಾದೆ."

ಮಂಗಳವಾರ

ಸೋಮವಾರ ಸಂಜೆಯೂ ಮಾರನೆಯ ದಿನವೂ ಬರೀ ಅನ್ನ, ಅಮ್ಮನ ಚಟ್ನಿಪುಡಿ. ಮತ್ಸುದಾ-ಸಾನ್ ಸಾರು ಹಳಸಿತ್ತೇನೋ ಎಂದು ಹೆದರಿ ಕಿಮುರಾನನ್ನು ಕರೆದುಕೊಂಡು ಬಂದರು. ನಾನು ಸಿಟ್ಟಿನಲ್ಲೇ ಕೇಳಿದೆ: ಗೋಡೆಯ ಮೇಲೆ ಕಾಗದ ಅಂಟಿಸಿಕೊಂಡು ಹೀಗೆ ಮಾಡಬಹುದೇ?

ಮತ್ಸುದಾ-ಸಾನ್ ಹೇಳಿದ್ದನ್ನು ಕಿಮುರಾ ಇಂಗ್ಲಿಷಿಗೆ ತಂದ. ಮೀನು ಎಂದರೆ ತಟ್ಟೆಯಲ್ಲಿ ಕಾಣುವ ಮೀನು ಎಂದು ಅವರು ತಿಳಿದಿದ್ದರು. ಸಾರಿನ ನೀರನ್ನು ಅಲ್ಲಿ ಯಾರೂ ಮೀನು ಎನ್ನುವುದಿಲ್ಲ. "ಸೋಮವಾರದ ಅತಿಥಿಗೆ ಏನೂ ಗೊತ್ತಿರಲಿಲ್ಲ. ಕೇಳಿದರು, ಹೇಳಿದೆ. ನೀವು ಮಿಸೊ ಶಿರು ಎಂದು ನಮ್ಮವರಂತೆಯೇ ಹೇಳಿದಿರಿ. ಅಷ್ಟು ಬಲ್ಲವರಿಗೆ ಮಿಸೊ ಶಿರುವಿನಲ್ಲಿ ಏನಿದೆ ಎಂದು ಹೇಳುವುದು ಅವಮಾನ ಮಾಡಿದಂತೆ ಎಂದುಕೊಂಡೆ."

ಆಕೆಯ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಇಳಿದು ನಾಚಿಕೆ ಬಂತು. ಆಕೆ ನನಗೆ ಮರ್ಯಾದೆ ಕೊಟ್ಟಿದ್ದರು, ನಾನು ಅದನ್ನು ಎರಡೆರಡು ಬಟ್ಟಲು ಕುಡಿದಿದ್ದೆ.

ಅಂದಿನಿಂದ ಸಣ್ಣ ಪಾತ್ರೆ ವಾರದ ಏಳೂ ದಿನ ಕುದಿಯಿತು. ಆಕೆ ಅಲಗು ಮೊಂಡಾದರೂ ನನಗೆ ಹೇಳಲು ಹಿಂಜರಿಯುತ್ತಿದ್ದರು. ಹೊರಡುವ ವಾರ ನಾನೇ ಕೇಳಿ ತೆಗೆದುಕೊಂಡು ಹೋಗಿ ಸಾಣೆ ಹಿಡಿದುಕೊಟ್ಟೆ. ಈ ಸಲ ಅದು ಏನನ್ನು ಕೀಸುತ್ತದೆ ಎಂದು ಗೊತ್ತಿತ್ತು.

ಕಿಮುರಾನ ಪುಸ್ತಕಕ್ಕೆ ನಾಲ್ಕನೆಯ ಕಲಂ ಸೇರಿತು: ಇದರಲ್ಲಿ ಏನಿದೆ. ಮೊದಲ ಪುಟಕ್ಕೆ ನಾನೊಂದು ಸೂಚನೆಯನ್ನೂ ಬರೆದುಕೊಟ್ಟೆ. 'ಅತಿಥಿಗಳೇ, ಮೊದಲು ಎಲ್ಲವನ್ನೂ ತಪ್ಪಾಗಿ ಉಚ್ಚರಿಸಿ. ಏನು ತಿನ್ನುತ್ತಿದ್ದೀರಿ ಎಂದು ತಿಳಿದ ಮೇಲೆ ಸರಿಯಾಗಿ ಉಚ್ಚರಿಸಿ.' ಕಿಮುರಾನಿಗೆ ತುಂಬ ಹಿಡಿಸಿತು. ಅವನ ಮೇಲಿನವರು ಅದನ್ನು ಹೊಡೆದುಹಾಕಿದರಂತೆ.

ಜಯನಗರ, ಮತ್ತೆ

ಮನೆ ತುಂಬ ಜನ. ದೊಡ್ಡಪ್ಪನ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಪುರೋಹಿತರು ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತದ ಸಾಮಾನು ಹರಡಿಕೊಂಡಿದ್ದರು. ಶ್ರೀಪತಿರಾಯರು ನನ್ನ ಬಾಯಿಂದ ಒಮ್ಮೆ 'ಟೌಫೂ' ಕೇಳಬೇಕೆಂದು ಕಾದಿದ್ದರು. ಅಮ್ಮ ನನ್ನನ್ನು ದೇವರ ಮುಂದೆ ನಿಲ್ಲಿಸಿದಳು.

"ನಾಣಿ, ನನ್ನ ಮಾತು ಉಳಿಸಿದೆಯಾ?"

'ಉಳಿಸಿದೀನಮ್ಮ' ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ವಿಮಾನದ ಹಾದಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ನಂಬಿಕೆಯಿಂದ. ಮತ್ಸುದಾ-ಸಾನ್ ನನ್ನನ್ನು ನೋಡುತ್ತಿದ್ದದ್ದೂ ಹೀಗೆಯೇ. ನನಗೆ ಹೇಳಲಾಗಲಿಲ್ಲ. ಕೀಸುಳಿಯಿಂದ ಹಿಡಿದು ಪರಿಷೇಚನೆಯವರೆಗೆ ಎಲ್ಲವನ್ನೂ ಒದರಿಬಿಟ್ಟೆ.

ದೊಡ್ಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪುರೋಹಿತರು ಇದಕ್ಕೆ ಯಾವ ಹೋಮ, ಎಷ್ಟು ಆವೃತ್ತಿ ಎಂದು ಬೆರಳು ಮಡಿಸತೊಡಗಿದರು.

"ನಿಮ್ಮಪ್ಪ ನಿನಗೆ ಹೇಳೋದು ಕಲಿಸಿದ್ರು," ಎಂದಳು ಅಮ್ಮ. "ಕೇಳೋದು ಕಲಿಸ್ಲೇ ಇಲ್ಲ." ಆಮೇಲೆ ಕೇಳಿದಳು: "ಆ ನಂಜಪ್ಪ ಇರೋದೆಲ್ಲಿ?"

"ಸುದ್ದಗುಂಟೆಪಾಳ್ಯ."

"ಸೋಮವಾರ ಮಧ್ಯಾಹ್ನ ಊಟಕ್ಕೆ ಕರಿ."

ದೊಡ್ಡಮ್ಮನ ಸೆರಗು ಬಾಯಿಂದ ಜಾರಿತು.

ಸೋಮವಾರ ನಂಜಪ್ಪನಿಗೆ ಎರಡನೆಯ ಪಾಳಿ. ತಲೆಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ನಾನು ಅರ್ಧ ದಿನ ರಜೆ ಹಾಕಿ ಸೈಕಲ್ಲಿನಲ್ಲಿ ಮನೆ ಸೇರುವ ಹೊತ್ತಿಗೆ ಅವನು ಅಡುಗೆಮನೆಯ ಹೊಸ್ತಿಲಿನ ಆಚೆ ಕೈಕಟ್ಟಿ ನಿಂತಿದ್ದ. ಕಣ್ಣು ಮಾತ್ರ ಪಾತ್ರೆಗಳ ಮೇಲೆಯೇ ಇತ್ತು.

"ಅಲ್ಲಿಂದ ಏನಪ್ಪ ಕಾಣುತ್ತೆ?" ಎಂದಳು ಅಮ್ಮ. "ಒಳಗೆ ಬಂದು ಮುಚ್ಚಳ ತೆಗೆದು ನೋಡು."

ನಂಜಪ್ಪ ನನ್ನ ಕಡೆ ನೋಡಿದ. ನಾನೇನು ಹೇಳಲಿ? ಮಡಿಯಿಲ್ಲದೆ ಆ ಹೊಸ್ತಿಲನ್ನು ನಾನೂ ದಾಟಿದವನಲ್ಲ. ಅವನು ಮೆಲ್ಲಗೆ ಒಳಗೆ ಹೋಗಿ ಮೊದಲ ಮುಚ್ಚಳ ಎತ್ತಿದ.

"ಇದ್ರಾಗೆ ಏನೈತೆ ಅಮ್ಮಾವ್ರೆ?"

"ತೊಗರಿಬೇಳೆ, ಬೂದುಗುಂಬಳಕಾಯಿ, ಹುಣಸೆಹಣ್ಣು, ಇಂಗು."

ಎರಡನೆಯದು ಎತ್ತಿದ, ಮೂರನೆಯದು ಎತ್ತಿದ. ಅಮ್ಮ ಒಂದೊಂದಕ್ಕೂ ಸಾಸಿವೆಯವರೆಗೂ ಬಿಡದೆ ಹೇಳಿದಳು. ನಾನು ಒಳಗೆ ಕಾಲಿಡಲು ಹೋದರೆ, ಫ್ಯಾಕ್ಟರಿ ಬಟ್ಟೆಯಲ್ಲಿ ಎಲ್ಲಿಗೆ ಬರ್ತೀಯ ಎಂದು ಗದರಿ ಬಚ್ಚಲಿಗೆ ಅಟ್ಟಿದಳು.

ಸ್ನಾನ ಮಾಡಿ ಬಂದು ಅವನ ಪಕ್ಕದ ಎಲೆಯ ಮುಂದೆ ಕೂತೆ. ಅಮ್ಮ ಬಡಿಸಿದಳು. ಅಭ್ಯಾಸದಂತೆ ಬಲಗೈಗೆ ನೀರು ಹಾಕಿಕೊಂಡೆ. ಮಂತ್ರ ಬಾಯಿಗೆ ಬಂದಿತ್ತು, ಆದರೆ ಕೈ ಅಲ್ಲೇ ನಿಂತುಬಿಟ್ಟಿತು.

ನಂಜಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ: "ಈಗ ಸುತ್ತುಸಿ ಸಾರ್. ನಾನು ನೋಡ್ಕಂಡ್ ಬಂದಿದೀನಿ."